ನಾಲಗೆಯಡಿಯ ಮದ್ದು

ಧ್ವನಿ ಸಂದೇಶ
ಹೆಮ್ಮಾಡಿ, ೯ ನವೆಂಬರ್ ೨೦೨೪

ಹಲೋ, ಹಲೋ. ಸುಗುಣಕ್ಕ, ಕೇಳ್ತದಾ? ಕೇಳದೆ ಏನು. ನಾನು ಹೆಮ್ಮಾಡಿಯಲ್ಲಿ ಬಾಯಿ ಬಿಟ್ಟರೆ ಬ್ರಹ್ಮಾವರಕ್ಕೆ ಫೋನಿಲ್ಲದೆಯೂ ಕೇಳುತ್ತದೆ ಅಂತ ನೀನೇ ಹೇಳುವುದಲ್ಲವಾ. ಪತ್ರ ಬರೆದರೆ ನೀನು ಕೆಂಪು ಪೆನ್ನು ಹಿಡಿದು ಕೂರುತ್ತಿ, ಅದಕ್ಕೇ ಈ ರೆಕಾರ್ಡು. ಮಾತಿನಲ್ಲಿ ಒತ್ತಕ್ಷರ ತಪ್ಪಿದರೆ ಗಾಳಿಯಲ್ಲಿ ಹೋಗುತ್ತದೆ. ಆದರೆ ಮೈಕ್ ಕಂಡ ಕೂಡಲೇ ನನಗೆ ಶಾಲೆ ಕನ್ನಡ ಬರುತ್ತದೆ ನೋಡು. ಆಟೋದ ಮೇಲೆ ಹಾರ್ನ್ ಕಟ್ಟಿಕೊಂಡು 'ಊರ ಹತ್ತು ಸಮಸ್ತರು ಆಗಮಿಸಬೇಕಾಗಿ' ಅಂತ ಕೂಗಿ ಕೂಗಿ ಬಂದ ಚಾಳಿ. ನಗಬೇಡ.

ನನ್ನ ಮಗನ ವಿಷಯ. ಇದು ಹೇಗೆ ಶುರುವಾಯಿತು ಅಂತ ನೀನು ಫೋನಿನಲ್ಲಿ ಕೇಳಿದಿ. ಸುಜನ್ ಪಕ್ಕದಲ್ಲೇ ಇದ್ದ, ನಾನು ಹೇಳಲಿಲ್ಲ. ಹೋದ ವರ್ಷ ಮರವಂತೆಯಲ್ಲಿ ವಾಲಿಬಾಲ್ ಮ್ಯಾಚು. ಇವನ ಭುಜ ಎಳೆದುಕೊಂಡಿತ್ತು. ಟೀಮಿನ ದೊಡ್ಡ ಹುಡುಗ ಒಬ್ಬ ಬಂದು, "ಇದ್ ಒಂದ್ ನುಂಗ್ ಮಾರಾಯ, ಆಮೇಲ್ ಕಾಣ್ ನಿನ್ ಸ್ಮ್ಯಾಶ್" ಅಂದನಂತೆ. ನೋವಿನ ಗುಳಿಗೆ. ಅವತ್ತು ಗೆದ್ದರು. ಆ ಮ್ಯಾಚಿಗೆ ಕಾಮೆಂಟ್ರಿ ಹೇಳಿದ್ದು ನಾನೇ ಅಕ್ಕ, 'ಸುಜನ್, ಸುಜನ್' ಅಂತ ಗಂಟಲು ಹರಿದುಕೊಂಡೆ. ಭುಜ ವಾಸಿಯಾಯಿತು. ಗುಳಿಗೆ ಬಿಡಲಿಲ್ಲ. ಆಮೇಲಾಮೇಲೆ ಅದನ್ನು ಪುಡಿ ಮಾಡುವುದು, ಇನ್ನೂ ಏನೇನೋ. ಹದಿನೇಳು ವರ್ಷದ ಮಾಣಿ.

ಎಲ್ಲಿ ಕರೆದುಕೊಂಡು ಹೋದರೂ ಬಾಗಿಲಲ್ಲೇ ವಾಪಸು. ಒಂದು ಕೇಂದ್ರದವರು, ಹದಿನೆಂಟು ಆಗದೆ ನಾವು ಸೇರಿಸಿಕೊಳ್ಳುವುದಿಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಿ ಅಂದರು. ಮಕ್ಕಳ ಡಾಕ್ಟರು, ಇದು ಮನಸ್ಸಿನ ಡಾಕ್ಟರದ್ದು ಅಂದರು. ಮನಸ್ಸಿನ ಡಾಕ್ಟರು, ಈ ಪ್ರಾಯಕ್ಕೆ ಕೊಡುವ ಔಷಧಿ ನಮ್ಮಲ್ಲಿಲ್ಲ ಅಂದರು. ಇನ್ನೊಂದು ಕಡೆ ಸೇರಿಸಿಕೊಳ್ಳುತ್ತಿದ್ದರು, ಆದರೆ ಒಳಗೆ ಹುಡುಗರನ್ನು ಕಟ್ಟಿ ಹಾಕಿದ್ದು ಕಂಡು ನಾನೇ ಓಡಿ ಬಂದೆ.

ಈಗ ನಿಮ್ಮ ಬ್ರಹ್ಮಾವರದಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಶರಣ್ಯಾ ಮೇಡಂ ಅಂತ ಡಾಕ್ಟರು ಹದಿನೆಂಟಾಗದವರನ್ನೂ ತೆಗೆದುಕೊಳ್ಳುತ್ತಿದ್ದಾರೆ. ದಿನಾ ಬೆಳಿಗ್ಗೆ ಒಂದು ಮಾತ್ರೆ. ನುಂಗುವುದಲ್ಲ, ನಾಲಗೆಯ ಅಡಿಯಲ್ಲಿ ಇಟ್ಟುಕೊಳ್ಳಬೇಕು, ಕರಗುವವರೆಗೆ ಮಾತಾಡಬಾರದು. ಅದು ಇದ್ದರೆ ಆ ಹಾಳು ಗುಳಿಗೆಯ ಹಸಿವು ಏಳುವುದಿಲ್ಲವಂತೆ. ವಾರದ ಮಾತ್ರೆ ಮನೆಗೆ ಕೊಡುತ್ತಾರೆ, ಆದರೆ ಮನೆಯ ಹಿರಿಯರೊಬ್ಬರು ಎದುರು ಕೂತು ನೋಡಬೇಕು. ಕರಗಿದ ಮೇಲೆ ಬಾಯಿ ತೆರೆಸಿ ನೋಡಬೇಕು. ಖಾಲಿ ಸ್ಟ್ರಿಪ್ಪು ವಾಪಸು ಕೊಡಬೇಕು.

ಜಾತ್ರೆ, ಮದುವೆಯ ಸೀಸನ್ನಿನಲ್ಲಿ ನಾನು ಮನೆಯಲ್ಲಿ ಇರುವುದು ಯಾವಾಗ? ಅವನ ಅಮ್ಮ ಗುಣವತಿ ಇದ್ದಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ. ಅವಳು ಹೋದ ಮೇಲೆ ನನಗೆ ಇರುವ ಹಿರಿಯರು ಅಂದರೆ ನೀನೊಬ್ಬಳೇ. ಸುಜನನನ್ನು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಿಯಾ? ನಿನ್ನ ಕಣ್ಣು ತಪ್ಪಿಸಿ ಒಂದು ಕ್ಲಾಸಿನ ಹುಡುಗರೇ ಕಿಟಕಿ ಹಾರಲಿಲ್ಲ, ಇವನೊಬ್ಬ ಯಾವ ಲೆಕ್ಕ.

ಪತ್ರದ ಕೊನೆಗೆ 'ವಿಶ್ವಾಸದ' ಅಂತ ಬರಲೇಬೇಕು ಅಂತ ಐದನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿದವಳು ನೀನು. ಇದೋ ಹೇಳಿದೆ.

ಇಂತಿ ನಿನ್ನ ವಿಶ್ವಾಸದ ತಮ್ಮ,
ಲೀಲಾಧರ

*

ಬ್ರಹ್ಮಾವರ
೧೫ ನವೆಂಬರ್ ೨೦೨೪

ಪ್ರಿಯ ಲೀಲ,

ಯಂತ್ರಕ್ಕೆ ಮಾತನಾಡುವುದು ನನ್ನಿಂದಾಗದು, ಆದ್ದರಿಂದ ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ರೆಕಾರ್ಡನ್ನು ಎರಡು ಸಲ ಕೇಳಿದೆ. 'ಕಾಮೆಂಟ್ರಿ' ಅಲ್ಲ, ವೀಕ್ಷಕ ವಿವರಣೆ.

ಸುಜನನನ್ನು ಭಾನುವಾರವೇ ಕರೆದುಕೊಂಡು ಬಾ. ಇದನ್ನು ಕೇಳಬೇಕಿತ್ತೆ? ತಾಯಿ ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಮೇಲಿನ ಕೋಣೆಯನ್ನು ಗುಡಿಸಿ ಒರೆಸಿ ಇಟ್ಟಿದ್ದೇನೆ. ಅವನ ಪುಸ್ತಕಗಳನ್ನೂ ತರಲಿ, ಪರೀಕ್ಷೆ ತಪ್ಪಬಾರದು. ಕ್ಲಿನಿಕ್ಕಿನಲ್ಲಿ ನನ್ನ ಹೆಸರನ್ನು ಬರೆಸು.

ಒಂದೇ ಒಂದು ಮಾತು. ಮದ್ದಿನಿಂದ ಬಂದ ರೋಗಕ್ಕೆ ಇನ್ನೊಂದು ಮದ್ದೇ ಉತ್ತರವೆ, ಈ ಎರಡನೆಯದನ್ನು ಬಿಡಿಸುವವರು ಯಾರು ಎಂದು ಮನಸ್ಸು ಕೇಳುತ್ತದೆ. ಆದರೆ ನಾನು ಡಾಕ್ಟರಲ್ಲ. ಅವರು ಹೇಳಿದಂತೆ ನಡೆಯುತ್ತದೆ.

ಊಟಕ್ಕೆ ಹೊತ್ತು ಮಾಡಿಕೊಳ್ಳಬೇಡ.

ಆಶೀರ್ವಾದಗಳೊಂದಿಗೆ,
ಸುಗುಣ

*

ಧ್ವನಿ ಸಂದೇಶ
ತೆಕ್ಕಟ್ಟೆ, ೨೨ ಡಿಸೆಂಬರ್ ೨೦೨೪

ಅಕ್ಕ, ಹಿಂದೆ ಟ್ರಾಕ್ಟರಿನ ಸದ್ದು ಬಂದರೆ ಬೈಯಬೇಡ, ತೆಕ್ಕಟ್ಟೆಯಲ್ಲಿ ಪೆಂಡಾಲಿನ ಮಗ್ಗುಲಲ್ಲಿ ಇದ್ದೇನೆ. ನಿನ್ನೆ ನಿನ್ನ ಮನೆಯಿಂದ ಹೊರಟವನು ದಾರಿ ಇಡೀ ಒಬ್ಬನೇ ನಗುತ್ತಾ ಬಂದೆ. ಬಸ್ಸಿನಲ್ಲಿ ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಮಾಣಿ ಉಂಡ ಅಲ್ಲವಾ ನಿನ್ನೆ! ಎರಡನೇ ಸಲ ಗಂಜಿ ಹಾಕಿಸಿಕೊಂಡ. ಬೆಳಿಗ್ಗೆ ನೀನು ಕನ್ನಡಕ ಹಾಕಿ ಎದುರು ಕೂತದ್ದು, ಅವನು ಬಾಯಿ ಮುಚ್ಚಿಕೊಂಡು ಗೋಡೆ ಕ್ಯಾಲೆಂಡರು ಓದುತ್ತಾ ಕೂತದ್ದು, ನಾನು ಬಾಗಿಲಲ್ಲಿ ನಿಂತು ಎಲ್ಲ ಕಂಡೆ. ಕರಗಿದ ಮೇಲೆ ಬಾಯಿ ತೆರೆದು ನಿನಗೆ ತೋರಿಸಿ, ನನ್ನ ಕಡೆ ತಿರುಗಿ ಏನಂದ ಗೊತ್ತುಂಟಲ್ಲ? "ಅಪ್ಪ, ನಿಮ್ ಬಾಯಿಗೂ ಇಂತದ್ದೊಂದ್ ಗುಳ್ಗಿ ಸಿಕ್ತಾ ಕೇಣಿ ಮೇಡಂ ಹತ್ರ. ಕರ್ಗುವರೆಗೆ ಊರಿಗ್ ಒಂಚೂರ್ ಆರಾಮ್." ಗುಣವತಿ ಮಾತಾಡಿದ ಹಾಗೇ ಆಯಿತು ನನಗೆ. ಆ ಹುಡುಗ ತಮಾಷೆ ಮಾಡದೆ ವರ್ಷ ಆಗಿತ್ತು ಅಕ್ಕ.

ಮೇಡಂ ಹತ್ತಿರ ಹೋದಾಗ ಒಂದು ಮಜಾ ಆಯಿತು. ಅವರು ಮೈಸೂರಿನವರು. ಅವರಿಗೆ ಮದ್ದು ಅಂದರೆ ಗರ್ನಾಲು ಪಟಾಕಿಗೆ ತುಂಬಿಸುವ ಮದ್ದು. ನಮ್ಮ ಕಡೆ ಹಾಗಲ್ಲ ಮೇಡಂ ಅಂದೆ, ಡಾಕ್ಟರು ಕೊಡುವುದೂ ಮದ್ದು, ಆಗದವರು ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಕೊಡುವುದೂ ಮದ್ದು. ಎರಡನೆಯದಕ್ಕೆ ಕೈಮದ್ದು ಅನ್ನುತ್ತಾರೆ, ಅದು ಹೊಟ್ಟೆಯಲ್ಲಿ ಕೂತರೆ ಮನುಷ್ಯ ಒಣಗುತ್ತಾನಂತೆ, ಕಷಾಯ ಕುಡಿಸಿ ವಾಂತಿ ಮಾಡಿಸಿ ತೆಗೆಯುವವರು ಇದ್ದಾರೆ ಅಂದೆ. ಅವರು ನಗಲಿಲ್ಲ. "ಹಾಗಾದರೆ ಇದಕ್ಕೆ ಮದ್ದು ಅನ್ನಬೇಡಿ ಲೀಲಾಧರ್, ಮಾತ್ರೆ ಅನ್ನಿ. ಕನ್ನಡಕ ಹಾಕಿಕೊಂಡವರನ್ನು ಯಾವಾಗ ತೆಗೆಯುತ್ತೀರಿ ಅಂತ ಯಾರೂ ಕೇಳಲ್ಲ. ಇದೂ ಹಾಗೇ. ಸದ್ಯಕ್ಕೆ ಬೇಕು" ಅಂದರು.

ದೊಡ್ಡ ಸುದ್ದಿ ಬೇರೆ ಉಂಟು. ಈ ಮಕ್ಕಳು ಸರಿಯಾಗಿ ನಡೆದುಕೊಂಡರೆ ಶನಿವಾರ ಕುಂದಾಪುರದಲ್ಲಿ, ಆಮೇಲೆ ಬೈಂದೂರಿನಲ್ಲಿ ಕೂಡ ಕ್ಲಿನಿಕ್ ಮಾಡುತ್ತಾರಂತೆ. ಮೇಲಿನವರು ಒಪ್ಪಬೇಕು. ಶಿರೂರಿನಿಂದ ಒಬ್ಬಳು ತಾಯಿ ಮಗಳನ್ನು ಕರೆದುಕೊಂಡು ಎರಡು ಬಸ್ಸು ಹತ್ತಿ ಬರುತ್ತಾಳೆ, ಅವಳಿಗೆ ಎಷ್ಟು ಸಲೀಸು. ಅನೌನ್ಸ್‌ಮೆಂಟ್ ನನ್ನದೇ ಅಂತ ಮೇಡಂಗೆ ಹೇಳಿಟ್ಟಿದ್ದೇನೆ. ಬರೆದೂ ಆಯಿತು, ಕೇಳು: 'ಮಹಾಜನಗಳೇ, ನಿಮ್ಮ ಮಕ್ಕಳು ಕಳ್ಳರಲ್ಲ. ಕಾಯಿಲೆಯವರು. ಕರೆದುಕೊಂಡು ಬನ್ನಿ.' ಹೇಗಿದೆ? ತಪ್ಪಿದ್ದರೆ ತಿದ್ದಿ ಕಳಿಸು.

ಎಲ್ಲ ನಿನ್ನಿಂದ ಅಕ್ಕ.

ಇಂತಿ ನಿನ್ನ ವಿಶ್ವಾಸದ ತಮ್ಮ,
ಲೀಲಾಧರ

*

ಬ್ರಹ್ಮಾವರ
೧೩ ಜನವರಿ ೨೦೨೫

ಪ್ರಿಯ ಲೀಲ,

ನಿನ್ನ ಪ್ರಕಟಣೆಯಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಸುಜನ್ ಕ್ಷೇಮ. ಕಳೆದ ವಾರ ಅವನನ್ನು ಕರೆದುಕೊಂಡು ಬೈಂದೂರಿನ ಕಡೆ ಒಂದು ಮನೆಗೆ ಹೋಗಿಬಂದೆ. ಹವೆಯ ಬದಲಾವಣೆಯಿಂದ ಶೀತವಾಗಿದೆ. ಮೂಗು ಸುರಿಯುತ್ತದೆ, ಆಕಳಿಕೆ, ಕಾಲುಗಳಲ್ಲಿ ಸೆಳೆತ, ಹೊಟ್ಟೆಯೂ ಸರಿಯಿಲ್ಲ. ಕಷಾಯ ಕೊಡುತ್ತಿದ್ದೇನೆ. ರಾತ್ರಿ ನಿದ್ದೆ ಇಲ್ಲದ್ದರಿಂದ ಹಗಲು ಮಲಗುತ್ತಾನೆ. ಆದ್ದರಿಂದ ಈ ವಾರ ನೀನು ಬರುವುದು ಬೇಡ. ಫೋನು ಮಾಡಿ ಅವನನ್ನು ಎಬ್ಬಿಸುವುದೂ ಬೇಡ. ಹಬ್ಬಕ್ಕೆ ಬಂದರಾಯಿತು ಎಂದು ಬರೆಯಲಿದ್ದೆ, ಹಬ್ಬ ನಾಳೆಯೇ ಇದೆ, ಅಷ್ಟರಲ್ಲಿ ಈ ಪತ್ರ ನಿನಗೆ ತಲುಪದು.

ಕ್ಲಿನಿಕ್ಕಿಗೆ ಖಾಲಿ ಸ್ಟ್ರಿಪ್ಪುಗಳನ್ನು ನೂಲಿನಿಂದ ಕಟ್ಟಿ ಕೊಡುತ್ತಿದ್ದೇನೆ. ಅಲ್ಲಿನ ಕಂಪೌಂಡರ್ ರೋಷನ್, ಇಷ್ಟು ಅಚ್ಚುಕಟ್ಟು ಯಾರದ್ದೂ ಇಲ್ಲ ಟೀಚರ್ ಎಂದ. ನನ್ನಿಂದ ಆಗಬೇಕಾದ್ದನ್ನು ನಾನು ಮಾಡುತ್ತಿದ್ದೇನೆ.

ಆಶೀರ್ವಾದಗಳೊಂದಿಗೆ,
ಸುಗುಣ

*

ಧ್ವನಿ ಸಂದೇಶ
ಹೆಮ್ಮಾಡಿ, ೩೦ ಜನವರಿ ೨೦೨೫

ಅಕ್ಕ, ಅರ್ಜೆಂಟು. ಕೂಡಲೇ ಉತ್ತರ ಕೊಡು. ಅಂಚೆ ಬೇಡ, ಕಾಗದದ ಫೋಟೋ ತೆಗೆದು ಕಳಿಸು, ಪಕ್ಕದ ಮನೆಯ ಹುಡುಗಿ ಶ್ರಾವ್ಯ ಮಾಡಿಕೊಡುತ್ತಾಳೆ. ನೀನು ಫೋನ್ ಎತ್ತುತ್ತಿಲ್ಲ.

ಶರಣ್ಯಾ ಮೇಡಂ ಕರೆದಿದ್ದರು. ಸುಜನನ ಮೂತ್ರ ಪರೀಕ್ಷೆ ಮಾಡಿದರಂತೆ. ಅವರು ಕೊಟ್ಟ ಮಾತ್ರೆಯ ಸುಳಿವೇ ಇಲ್ಲವಂತೆ ಮೈಯಲ್ಲಿ. ಒಂದು ಚೂರೂ ಇಲ್ಲ. ಆದರೆ ಸ್ಟ್ರಿಪ್ಪು ಎಲ್ಲ ಖಾಲಿ. ಹಾಗಾದರೆ ಮಾತ್ರೆ ಎಲ್ಲಿಗೆ ಹೋಯಿತು ಅಂತ ಕೇಳಿದರು. ಕೇಳಿದ್ದಲ್ಲ, ಕೇಳಲಿಕ್ಕೆ ಅವರಿಗೇ ಕಷ್ಟ ಆಯಿತು. ಈ ಮಾತ್ರೆಯನ್ನು ಹೊರಗೆ ಮಾರುವವರೂ ಉಂಟಂತೆ.

ನಾನು ಸುಜನನಿಗೆ ಫೋನ್ ಮಾಡಿದೆ. "ಎಂತ ಮಾಡ್ದೆ ಮಗಾ ಅದನ್ನ?" ಅಂದೆ. "ಅತ್ತಿ ಹತ್ರ ಕೇಣಿ" ಅಂದ. ಅಷ್ಟೇ. ಇಟ್ಟುಬಿಟ್ಟ.

ಅವನು ಈ ಒಂದು ವರ್ಷದಲ್ಲಿ ನನ್ನ ಹತ್ತಿರ ಎಷ್ಟು ಸುಳ್ಳು ಹೇಳಿದ್ದಾನೆ ಅಂದರೆ ಯಾವುದು ಸುಳ್ಳಿನ ದನಿ, ಯಾವುದು ಸತ್ಯದ ದನಿ ಅಂತ ನನಗೇ ಗೊತ್ತಾಗುವುದಿಲ್ಲ. ದನಿಯಲ್ಲೇ ಬದುಕುವವನು ನಾನು. ಆದ್ದರಿಂದ ನಿನ್ನ ಹತ್ತಿರ ಕೇಳುತ್ತೇನೆ. ನೀನು ಎದುರು ಕೂತು ನೋಡಿದ್ದಿ ತಾನೇ? ಬಾಯಿ ತೆರೆಸಿ ನೋಡಿದ್ದಿ ತಾನೇ? ನಾಡಿದ್ದು ಮೇಡಂ ಹತ್ತಿರ ಹೋಗಬೇಕು. ನೀನು ಏನು ಹೇಳುತ್ತಿಯೋ ಅದನ್ನೇ ನಾನು ಹೇಳುವುದು.

ಇಂತಿ ನಿನ್ನ ವಿಶ್ವಾಸದ ತಮ್ಮ,
ಲೀಲಾಧರ

*

ಬ್ರಹ್ಮಾವರ
೩೧ ಜನವರಿ ೨೦೨೫

ಲೀಲ,

ಅವನು ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಆಮೇಲೆ ಏನು ಮಾಡಿದನೋ ತಿಳಿಯದು.

ಸುಗುಣ

*

ಧ್ವನಿ ಸಂದೇಶ
ಮರವಂತೆ, ೧೯ ಫೆಬ್ರವರಿ ೨೦೨೫

ಅಕ್ಕ, ಗಾಳಿ ಜೋರುಂಟು, ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೇನೆ.

ಅವತ್ತು ಕ್ಲಿನಿಕ್ಕಿನಲ್ಲಿ ಆದದ್ದನ್ನು ನಿನಗೆ ಹೇಳಿಲ್ಲ. ನೀನು ತಲೆನೋವು ಅಂತ ಬರಲಿಲ್ಲ. ನಾನು, ಸುಜನ್, ಮೇಡಂ, ರೋಷನ್, ನಾಲ್ಕೇ ಜನ. ಮೇಡಂ ಬಹಳ ಮೆತ್ತಗೆ ಕೇಳಿದರು. ಅವನು ನೆಲ ನೋಡುತ್ತಾ ಕೂತ. ನಾನು ನಿನ್ನ ಕಾಗದದ ಫೋಟೋ ತೆಗೆದು ಓದಿದೆ. ನನ್ನ ಬಾಯಿ ಗೊತ್ತುಂಟಲ್ಲ, ಅಲ್ಲಿಗೆ ನಿಲ್ಲಲಿಲ್ಲ. "ಇವ ಉಗ್ದ್ ಮಾರಿದ್ದ ಮೇಡಂ. ನಮ್ಮಕ್ಕ ಟೀಚರ್, ಅವ್ಳ್ ಸುಳ್ಳ್ ಹೇಳ್ವವ್ಳಲ್ಲ" ಅಂದುಬಿಟ್ಟೆ.

ಸುಜನ್ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಬೈಯಬಹುದಿತ್ತು. ನಗು ಬಂದ ಹಾಗೆ ಮಾಡಿ, ಎದ್ದು, ಚಪ್ಪಲಿ ಹಾಕಿಕೊಂಡು ಹೋದ.

ಈಗ ಇಲ್ಲಿ ಮರವಂತೆಯಲ್ಲಿ ಪ್ರಜ್ವಲನ ಮನೆಯಲ್ಲಿ ಇದ್ದಾನೆ. ಒಟ್ಟಿಗೆ ವಾಲಿಬಾಲ್ ಆಡುವ ಹುಡುಗ ಅವನು, ಒಳ್ಳೆಯವನೇ. ನಾನು ಎದುರಿನಿಂದ ಹೋದರೆ ಸುಜನ್ ಹಿಂದಿನಿಂದ ಹೊಳೆ ಬದಿಗೆ ಹೋಗುತ್ತಾನೆ. ಮತ್ತೆ ಗುಳಿಗೆ ಶುರು ಮಾಡಿದ್ದಾನೆ ಅಂತ ಪ್ರಜ್ವಲ್ ಹೇಳಿದ. ಮೇಡಂ ಒಂದು ಮಾತು ಹೇಳಿದ್ದರು, ಅದು ನನ್ನ ಕಿವಿಯಿಂದ ಹೋಗುವುದಿಲ್ಲ. ಬಿಟ್ಟವರು ಮತ್ತೆ ಹಳೆಯ ಲೆಕ್ಕದಲ್ಲಿ ತೆಗೆದುಕೊಂಡರೆ ಮೈ ತಡೆಯುವುದಿಲ್ಲ, ಉಸಿರೇ ನಿಲ್ಲಬಹುದು ಅಂತ.

ಇನ್ನೊಂದು. ಮನೆಗೆ ಮಾತ್ರೆ ಕೊಡುವುದನ್ನು ಎಲ್ಲ ಮಕ್ಕಳಿಗೂ ನಿಲ್ಲಿಸಿದರು. ಕುಂದಾಪುರ, ಬೈಂದೂರು ಎರಡನ್ನೂ ಮುಂದೆ ಹಾಕಿದರು. ಮಕ್ಕಳ ಕೈಗೆ ಕೊಟ್ಟರೆ ಹೀಗೇ ಅಂತ ಮೇಲಿನವರು ಅಂದರಂತೆ. ಶಿರೂರಿನ ಆ ತಾಯಿ ಈಗ ದಿನಾ ಬರಬೇಕು. ಕೂಲಿ ಬಿಟ್ಟು. ಮೊನ್ನೆ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಸಿಕ್ಕಿದಳು. "ನಿಮ್ ಮಗ ಒಬ್ಬ ಮಾಡಿದ್ದ್, ನಮ್ ಎಲ್ರ ತಲಿ ಮೇಲ್ ಬಂತಲೆ ಮೈಕಿನವ್ರೆ" ಅಂದಳು. ನಾನು ತಲೆ ತಗ್ಗಿಸಿ ಮೆಟ್ಟಿಲು ಇಳಿದೆ.

ನೀನು ಒಂದು ಸಲ ಬಂದು ಅವನನ್ನು ಕರೆಯುತ್ತಿಯಾ? ನಿನ್ನ ಮಾತು ಕೇಳುತ್ತಾನೆ.

ಇಂತಿ ನಿನ್ನ ವಿಶ್ವಾಸದ ತಮ್ಮ,
ಲೀಲಾಧರ

*

ಧ್ವನಿ ಸಂದೇಶ
ಬೈಂದೂರು, ೮ ಮಾರ್ಚ್ ೨೦೨೫

ಸುಗುಣಕ್ಕ.

ಬೈಂದೂರಿನಲ್ಲಿ ಒಂದು ಹೊಸ ಮನೆಯ ಒಕ್ಕಲಿಗೆ ಮೈಕ್ ಕಟ್ಟಲಿಕ್ಕೆ ಬಂದಿದ್ದೇನೆ. ವಯರು ಎಳೆಯುತ್ತಿದ್ದೆ. ಮುದುಕರೊಬ್ಬರು ಎಲೆ ಅಡಿಕೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಗುರುವ ಅಂತ ಹೆಸರು. ಇಲ್ಲಿ ಒಳಗೆ ಮದ್ದು ತೆಗೆಯುವವರು. ನಿನಗೆ ಗೊತ್ತು.

"ಹ್ವಾಯ್ ಮೈಕಿನವ್ರೆ, ಬ್ರಹ್ಮಾವರದ್ ಟೀಚರ್ ನಿಮ್ಗ್ ಅಕ್ಕ ಅಲ್ದಾ?" ಅಂದರು. ಹೌದು ಅಂದೆ. ಹೆಮ್ಮೆಯಿಂದಲೇ ಅಂದೆ.

"ಮಾಣಿ ಹ್ಯಾಂಗಿತ್ತ್ ಈಗ? ಮೈ ಕೈ ತುಂಬ್ಕಂಡಿತಾ?"

ಯಾವ ಮಾಣಿ ಅಂದೆ.

"ಎಂತ ಮಾರಾಯ್ರೆ, ನಿಮ್ ಮಗ! ಟೀಚರ್ ಕರ್ಕಂಡ್ ಬಂದಿದ್ರಲೆ, ಸಂಕ್ರಾಂತಿ ಮೊದ್ಲ್. ಯಾರೋ ಆಗ್ದವ್ರ್ ವಾಲಿಬಾಲ್ ಆಡುವಲ್ಲಿ ಕೈಮದ್ದ್ ಹಾಕಿರ್ ಅಂದ್ರ್. ಒಳ್ಳೆ ವಾಂತಿ ಆಯ್ತ್ ಕಾಣಿ! ಅಂತ ವಾಂತಿ ನಾನ್ ಈಚೀಚೆ ಕಾಂಬ್ದೇ ಇಲ್ಲೆ. ಟೀಚರ್ ಬಿಳಿ ಗುಳ್ಗಿದ್ ಒಂದ್ ಡಬ್ಬಿನೂ ತಂದಿದ್ರ್. ಇದೂ ಮದ್ದೇ ಗುರುವಣ್ಣ, ಇದನ್ನೂ ಒಟ್ಟಿಗೇ ತೆಗ್ದ್ ಹಾಕಿ ಅಂದ್ರ್. ಪೂರಾ ನಾನೇ ಬಾಳಿ ಎಲಿಯಾಗ್ ಕಟ್ಟಿ ಹೊಳಿಗ್ ಬಿಟ್ಟಿದೆ. ಇನ್ನ್ ಹೆದ್ರುದ್ ಬ್ಯಾಡ."

ಅವರ ಮುಖದಲ್ಲಿ ಎಷ್ಟು ಸಂತೋಷ ಅಂದರೆ, ನಾನು ಅವರಿಗೆ ಕೈ ಮುಗಿದೆ. ಮತ್ತೆಂತ ಮಾಡುವುದು.

ಅಕ್ಕ, ಹೊಳೆಗೆ ಬಿಟ್ಟದ್ದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನಿಜವಾಗಿ. ನೀನು ಹೆದರಿದ್ದಿ. ನಾವು ಚಿಕ್ಕವರಿದ್ದಾಗ ಅಪ್ಪನನ್ನು ಹಾಗೆಯೇ ಕರೆದುಕೊಂಡು ಹೋದದ್ದು ನನಗೂ ನೆನಪುಂಟು. ಮೇಡಂ ಅಷ್ಟು ಹೇಳಿದರೂ ಊರು ಇಡೀ ಮದ್ದು ಮದ್ದು ಅಂತಲೇ ಹೇಳಿತು, ನಾನೂ ಹೇಳಿದೆ. ಅದು ಬಿಡು.

ಆದ್ರೆ ಆ ಕಾಗ್ದ ಎಂತಕ್ ಬರ್ದಿ? 'ಆಮೇಲೆ ಏನು ಮಾಡಿದನೋ ತಿಳಿಯದು.' ತಿಳಿಯದು! ಎಷ್ಟ್ ಚಂದ ಕನ್ನಡ. ನಾನ್ ನಿನ್ನನ್ನೇ ಕೇಂಡಿದ್ದೆ. ನೀನ್ ಹೇಳಿದ್ದೇ ಹೇಳ್ತೆ ಅಂದಿದ್ದೆ. ನಿನ್ ಮಾತ್ ಹಿಡ್ಕಂಡ್ ನನ್ ಮಗನ್ನ ನಾಕ್ ಜನ್ರ ಎದ್ರಿಗ್ ಕಳ್ಳ ಮಾಡ್ದೆ ಅಲ್ದಾ ನಾನ್? ಅವ ಸತ್ಯ ಹೇಳಿದ್ದ. 'ಅತ್ತಿ ಹತ್ರ ಕೇಣಿ' ಅಂದಿದ್ದ. ಕೇಂಡೆ. ಅತ್ತಿ ಹತ್ರವೇ ಕೇಂಡೆ!

ಒಂದ್ ಕ್ಲಾಸಿನ್ ಮಕ್ಳ್ ಕಿಟ್ಕಿ ಹಾರ್ದಂಗೆ ಕಾಯ್ದವ್ಳ್ ನೀನ್. ನಮ್ ಮಾಣಿ ಕೈಬಿಟ್ಟ್ ಹೋಪಾಗ ಬಾಗ್ಲ್ ತೆಗ್ದವ್ಳೂ ನೀನೇ.

ಎಂತಕ್ ಅಂತ ಒಂದ್ ಸಲ ಹೇಳ್. ನಂಗೆ ಬೇರೆ ಎಂತದೂ ಬ್ಯಾಡ.

ಲೀಲಾಧರ

*

ಬ್ರಹ್ಮಾವರ
೧೫ ಮಾರ್ಚ್ ೨೦೨೫

ಲೀಲ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಕೆಂಪು ಪೆನ್ನಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ, ಆದರೂ ಕಳಿಸುತ್ತೇನೆ.

ಪ್ರತಿ ಬೆಳಿಗ್ಗೆ ಅವನು ಎದುರು ಕುಳಿತು ಬಾಯಿ ತೆರೆಯುತ್ತಿದ್ದ. ಮೀಸೆ ಮೂಡಿದ ಹುಡುಗ, ಗೂಡಿನ ಮರಿಯಂತೆ. ನನ್ನ ಕೈಯಲ್ಲಿದ್ದ ಆ ಬಿಳಿ ಗುಳಿಗೆಯ ಮೇಲೆಯೇ ಅವನ ಕಣ್ಣು. ಒಂದು ದಿನ ನಾನು ಎದ್ದದ್ದು ತಡವಾಯಿತು. ಅವನು ಕೋಣೆಯ ಬಾಗಿಲಲ್ಲಿ ಬೆವರುತ್ತಾ ನಿಂತಿದ್ದ. ಇವನು ಒಂದು ಮದ್ದಿನಿಂದ ಇನ್ನೊಂದಕ್ಕೆ ಕೈ ಬದಲಾದನಷ್ಟೆ, ಕೈ ಬದಲಿಸಿದವಳು ನಾನು ಎಂದು ತೋರಿತು.

ಗುರುವನಲ್ಲಿಗೆ ಬರಲು ಅವನು ಒಪ್ಪಲಿಲ್ಲ. ನಾನು ಅತ್ತುಬಿಟ್ಟೆ. ಅವನು ನೀರು ತಂದುಕೊಟ್ಟು, "ಅಳುದ್ ಬ್ಯಾಡ ಅತ್ತಿ, ಬತ್ತೆ" ಎಂದ. ಅಪ್ಪನಿಗೆ ಹೇಳಬೇಡವೆಂದು ಮಾತು ತೆಗೆದುಕೊಂಡೆ. ಆಮೇಲೆ ಬಂದ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಒತ್ತಿ ತೆಗೆದು ಬಚ್ಚಲಿಗೆ ಬಿಟ್ಟೆ. ಅವನು ನರಳುವಾಗ ವಿಷ ಇಳಿಯುತ್ತಿದೆ ಎಂದು ಪಕ್ಕದಲ್ಲಿ ಕುಳಿತೆ. ಅವನು ಒಮ್ಮೆಯೂ ನನ್ನನ್ನು ಬಯ್ಯಲಿಲ್ಲ.

ನೀನು ಕೇಳಿದ ದಿನ ನಿಜ ಬರೆಯಲು ಕುಳಿತಿದ್ದೆ. ಶ್ರಾವ್ಯ ಫೋಟೋ ತೆಗೆಯಲು ಪಕ್ಕದಲ್ಲಿ ನಿಂತಿದ್ದಳು. ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ. ಟೀಚರ್ ಮದ್ದು ತೆಗೆಸಲು ಹೋಗಿದ್ದರು ಎಂದು ಅವಳು ಓದುತ್ತಾಳೆ ಎನ್ನಿಸಿತು. ಅಷ್ಟೇ ಕಾರಣ, ಲೀಲ. ಅದಕ್ಕಿಂತ ದೊಡ್ಡದೊಂದನ್ನು ಹುಡುಕಿದೆ, ಸಿಗಲಿಲ್ಲ. ಅವನು ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡ. ನಾನು ಅವನ ಮೇಲೆ ಹೊರಿಸಿದೆ.

ಕ್ಲಿನಿಕ್ಕಿನಲ್ಲಿ ಎಲ್ಲರೆದುರು ಹೇಳಲು ಸಿದ್ಧಳಿದ್ದೇನೆ. ಯಾವಾಗ ಬರಬೇಕೆಂದು ತಿಳಿಸು.

ಸುಗುಣ

*

ಧ್ವನಿ ಸಂದೇಶ
ಬ್ರಹ್ಮಾವರ, ೨೭ ಏಪ್ರಿಲ್ ೨೦೨೫

ಅಕ್ಕ. ಇವತ್ತ್ ಹಲೋ ಹಲೋ ಇಲ್ಲೆ. ಶಾಲಿ ಕನ್ನಡವೂ ಇಲ್ಲೆ. ನಿನ್ ಮನಿಯಿಂದ ಒಂದ್ ಕೂಗಿನ್ ದೂರದಾಗೆ ನಾನ್ ಕೂಕಂಡಿದೆ, ಕ್ಲಿನಿಕ್ಕಿನ್ ಹೊರ್ಗೆ. ಬಪ್ಪುಕ್ ಮನಸಿಲ್ಲೆ.

ನಿನ್ ಕಾಗ್ದ ಬಂದ್ ದಿನವೇ ಪ್ರಜ್ವಲ್ ಫೋನ್ ಮಾಡಿದ್ದ. ಬಲೆ ಇಡುವ ಶೆಡ್ಡಾಗೆ ಸುಜನ್ ಬಿದ್ಕಂಡಿದ್ದ, ತುಟಿ ನೀಲಿ, ಕರ್ದ್ರೆ ಓ ಅಂಬುದಿಲ್ಲೆ. ಉಸ್ರ್ ಬಪ್ಪುದ್, ನಿಂತ್ಕಂಬುದ್, ಬಪ್ಪುದ್, ನಿಂತ್ಕಂಬುದ್. ಆ ಹುಡ್ಗ ಕೆನ್ನಿಗ್ ಹೊಡ್ದ್ ಹೊಡ್ದ್ ಎಬ್ಬಿಸಿ ಮೀನಿನ್ ಗಾಡಿಯಾಗೆ ಆಸ್ಪತ್ರಿಗ್ ಹಾಕಿದ್ದ. ಬದ್ಕಿದ. ಇದನ್ನ ನಿಂಗೆ ಆಗ್ಲೇ ಹೇಳ್ಕಿತ್ತ್. ಹೇಳುಕ್ ಬಾಯಿ ಬರ್ಲಿಲ್ಲೆ.

ಮೂರ್ ವಾರದ್ ಹಿಂದೆ ನೀನ್ ಮೇಡಂ ಎದ್ರಿಗ್ ನಿಂತ್ ಹೇಳಿದ್ ಕೇಂಡೆ. ಪಾಠ ಓದ್ದಂಗೆ, ಒಂದಕ್ಷರ ತಪ್ಪದ್ದಂಗೆ. 'ಮಾತ್ರೆಗಳನ್ನು ಬಿಸಾಡಿದ್ದು ನಾನು. ಹುಡುಗ ಮಾರಲಿಲ್ಲ. ಸುಳ್ಳು ಬರೆದದ್ದು ನಾನು.' ಶಿರೂರಿನ್ ಆ ಹೆಂಗ್ಸ್ ಬಾಗ್ಲಾಗೇ ಇದ್ದಿದ್ಳ್, ಅವ್ಳೂ ಕೇಂಡ್ಳ್. ಹೇಳ್ದಿ, ಆಯ್ತ್. ಮೇಡಂ ಅದನ್ನ ಬರ್ದ್ ಮೇಲಿನವ್ರಿಗ್ ಕಳ್ಸಿರ್. ಮನಿಗ್ ಮಾತ್ರಿ ಕೊಡುದ್ ಮತ್ತೆ ಶುರುವಾಯ್ತ್. ಕುಂದಾಪುರದ್ದ್ ಜೂನಿಗಂತೆ. ಬೈಂದೂರಿದ್ದ್ ಗೊತ್ತಿಲ್ಲೆ.

ಆವತ್ತ್ ಮೇಡಂ ಸುಜನನ್ ಹತ್ರ ಕೇಂಡ್ರಲೆ, "ಮನೆಗೆ ಕೊಡುವುದು ಮತ್ತೆ ಶುರುವಾದರೆ ನಿನಗೂ ಕೊಡುತ್ತೇನೆ, ಯಾರು ನೋಡಿಕೊಳ್ಳಬೇಕು ಹೇಳು" ಅಂತ. ನೀನ್ ಎದ್ದ್ ನಿಂತಿ. ನಾನೂ ಎದ್ದ್ ನಿಂತೆ. ಅವ ನಮ್ಮಿಬ್ರ ಮಧ್ಯದ್ ಗೋಡಿ ಬದಿಗ್ ಕಂಡ. "ಮನಿಗ್ ಬ್ಯಾಡ ಮೇಡಂ. ನಾನ್ ಇಲ್ಲಿಗೇ ಬತ್ತೆ. ರೋಷನಣ್ಣ ಕಾಣ್ಲಿ" ಅಂದ. ಒಂದ್ ಮಾತ್ ನಮ್ಗ್ ಬೈಲಿಲ್ಲೆ.

ಅವ ಈಗ ಹೆಮ್ಮಾಡಿ ಮನಿಗೇ ಬಂದಿದ್ದ. ಉಂತ, ಮಲ್ಗ್ತ. ದಿನಾ ಬೆಳಿಗ್ಗೆ ಇಬ್ರೂ ಒಂದೇ ಬಸ್ಸಾಗೆ ಬತ್ತೊ. ಅವ ಮುಂದಿನ್ ಸೀಟಾಗೆ, ನಾನ್ ಹಿಂದೆ. ಒಟ್ಟಿಗ್ ಬರ್ಬೇಡಿ ಅಂತ ಹೇಳ್ಲಿಲ್ಲೆ, ಬನ್ನಿ ಅಂತಲೂ ಹೇಳ್ಲಿಲ್ಲೆ. ಕ್ಲಿನಿಕ್ಕಾಗೆ ಒಳ್ಗೆ ಹೋಯಿ ಬಾಗ್ಲ್ ಹಾಕ್ಕಂತ. ಬಾಯಿ ತೆರ್ದ್ ತೋರ್ಸುದ್ ರೋಷನಿಗ್ ಮಾತ್ರ. ನಾನ್ ಈ ಬೆಂಚಾಗೆ ಕೂಕಂತೆ. ಆಚೀಚಿನವ್ರ್ ಮಾತಾಡ್ಸ್ರೆ ಕೈ ಸನ್ನಿ ಮಾಡ್ತೆ. ಅದ್ ಕರ್ಗುವರೆಗೆ ನಾನೂ ಮಾತಾಡುದಿಲ್ಲೆ. ನಾನ್ ನಿನ್ ಮನಿ ಬಾಗ್ಲಾಗ್ ನಿಂತಾಗ ಅವ ಹೇಳಿದ್ದ ಕಾಣ್, ನಿಮ್ ಬಾಯಿಗೂ ಇಂತದ್ದೊಂದ್ ಬೇಕ್ ಅಂತ. ಸಿಕ್ಕಿತ್ತ್.

ಕುಂದಾಪುರದ್ ಅನೌನ್ಸ್‌ಮೆಂಟಿಗ್ ಮೇಡಂ ನನ್ನನ್ನೇ ಕರ್ದಿರ್. 'ನಿಮ್ಮ ಮಕ್ಕಳು ಕಳ್ಳರಲ್ಲ' ಅಂತ ಬರ್ದಿದ್ದೆ ಅಲ್ದಾ. ನಿನ್ನೆ ಮನಿಯಾಗೆ ಒಬ್ನೇ ಓದಿ ಕಂಡೆ. ಅಲ್ಲಿಗ್ ಬಂದ್ರೆ ದನಿ ಹೊರ್ಡುದಿಲ್ಲೆ. ಒಳ್ಗಿನ್ ಕೋಣಿಯಾಗೆ ಅವ ಇದ್ದಿದ್ದ. ಕೇಂಡನೋ ಎಂತೋ.

ನಿಂಗೆ ಇನ್ನ್ ರೆಕಾರ್ಡ್ ಕಳ್ಸುದಿಲ್ಲೆ ಅಕ್ಕ. ಸಿಟ್ಟಲ್ಲ. ಸಿಟ್ಟಾಗಿದ್ರೆ ಮಾತಾಡ್ತಿದ್ದೆ.

ಬಾಗ್ಲ್ ತೆಗ್ದ್ರ್. ಅವ ಬತ್ತಾ ಇದ್ದ. ಇಡ್ತೆ.

ಇಂತಿ,
ತಮ್ಮ,
ಲೀಲಾಧರ